ಹೆಂಚು ತಟ್ಟಿ ನೋಡುವ ಕೈ

(ಮಾಲೂರಿನಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಮಾಲೂರು ಹೆಂಚಿಗೆ ಹೆಸರಾದ ಊರು. ಹೆಂಚು ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ. ಗಟ್ಟಿಯಾಗಿದ್ದರೆ ಕಣಕಣ ಸದ್ದು, ಬಿರುಕಿದ್ದರೆ ಮಂಕು ಸದ್ದು. ತಟ್ಟುವವರಿಗೆ ಹೆಂಚು ಸುಡುವ ವಿದ್ಯೆ ಬೇಕಾಗಿಲ್ಲ. ಕಿವಿ ಇದ್ದರೆ ಸಾಕು. ಮುಕ್ತ ತಂತ್ರಾಂಶದ ಬೆಳವಣಿಗೆಯೂ ಇಂಥ ಕಿವಿಗಳನ್ನೇ ನಂಬಿದೆ.

ಮೂಲ ಬರಹವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವೇ ಮುಕ್ತ ತಂತ್ರಾಂಶ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ತಂತ್ರಾಂಶವನ್ನು ಹೊರತಂದರು. ಎಲ್ಲ ಪೂರ್ಣವಾಗಲಿ ಎಂದು ಕಾಯದೆ ಮೇಲಿಂದ ಮೇಲೆ ಆವೃತ್ತಿಗಳನ್ನು ಕೊಟ್ಟರು. ಬಳಸಿದವರು ತಪ್ಪು ತೋರಿಸಿದರು. ಅವು ಮುಂದಿನ ಆವೃತ್ತಿಗಳಲ್ಲಿ ತಿದ್ದುಪಡಿಯಾದವು. 1997ರಲ್ಲಿ ಎರಿಕ್ ರೇಮಂಡ್ ಈ ಕ್ರಮವನ್ನೇ ಪ್ರಬಂಧವೊಂದರಲ್ಲಿ ವಿವರಿಸಿದರು.

ಇಂದು ಲಿನಕ್ಸ್‌ನ ಹೊಸ ಆವೃತ್ತಿ ಒಂಬತ್ತು-ಹತ್ತು ವಾರಕ್ಕೊಮ್ಮೆ ಬರುತ್ತದೆ. ಮೊದಲ ಎರಡು ವಾರ ಹೊಸದನ್ನು ಸೇರಿಸುವ ಕೆಲಸ. ಆಮೇಲೆ ವಾರವಾರವೂ ಪರೀಕ್ಷೆಗೆಂದು ಒಂದೊಂದು ಪ್ರತಿ ಕೊಟ್ಟು ತಪ್ಪು ಹೆಕ್ಕುವ ಕೆಲಸ. ಬದಲಾವಣೆ ಚಿಕ್ಕದಿದ್ದಷ್ಟೂ ತಪ್ಪು ಎಲ್ಲಿ ನುಸುಳಿತೆಂದು ಬೇಗ ತಿಳಿಯುತ್ತದೆ. ಆದರೆ ಮತ್ತೆ ಮತ್ತೆ ಬದಲಾಗುವ ತಂತ್ರಾಂಶ ಶಾಲೆ, ಕಚೇರಿಗಳಿಗೆ ತೊಡಕು. ಆದ್ದರಿಂದಲೇ ಲಿನಕ್ಸ್ ಆಧರಿಸಿದ ಉಬುಂಟು, ಆರು ತಿಂಗಳಿಗೊಂದು ಆವೃತ್ತಿಯ ಜೊತೆಗೆ, ಐದು ವರ್ಷ ದುರಸ್ತಿ ದೊರೆಯುವ ಆವೃತ್ತಿಯೊಂದನ್ನು ಎರಡು ವರ್ಷಕ್ಕೊಮ್ಮೆ ಕೊಡುತ್ತದೆ.

ಇದರಲ್ಲಿ ನಮ್ಮ ಪಾತ್ರವೇನು? ‘ಸೂರ್ಯ’ ಎಂದು ಬರೆದಾಗ ರಕಾರ ಅರ್ಕಾವತ್ತಾಗಿ ಹಿಂದೆ ಸರಿಯುತ್ತದೆ. ‘ರ‍್ಯಾಂಕ್’ ಎನ್ನುವಾಗ ರಕಾರ ಮುಂದೆಯೇ ನಿಂತು, ಯಕಾರ ಒತ್ತಾಗುತ್ತದೆ. ಈ ಭೇದವನ್ನು ಗಣಕಕ್ಕೆ ತಿಳಿಸುವುದು ನಡುವೆ ಇರುವ, ಕಣ್ಣಿಗೆ ಕಾಣದ ಒಂದು ಸಂಕೇತ. ತಂತ್ರಾಂಶ ಅದನ್ನು ನುಂಗಿದರೆ ‘ರ್ಯಾಂಕ್’ ಎಂದಾಗುತ್ತದೆ. ಕನ್ನಡ ಬಾರದ ತಂತ್ರಜ್ಞ ಎಷ್ಟೇ ಜಾಣನಾದರೂ ಈ ತಪ್ಪು ಅವನ ಕಣ್ಣಿಗೆ ಬೀಳದು. ಮಾಸ್ತಿಯವರು ಹುಟ್ಟಿದ ಈ ತಾಲ್ಲೂಕಿನ ಶಾಲೆಯ ಹುಡುಗಿ ಒಂದೇ ನೋಟಕ್ಕೆ ಹಿಡಿದಾಳು!

ಹಿಡಿದರಷ್ಟೇ ಸಾಲದು, ತಿಳಿಸಬೇಕು. ಯಾವ ಆವೃತ್ತಿ, ಏನು ಬೆರಳಚ್ಚಿಸಿದೆವು, ಏನು ಮೂಡಿತು, ಏನು ಮೂಡಬೇಕಿತ್ತು — ಈ ನಾಲ್ಕು ಸಂಗತಿ ಬರೆದರೆ ತಿದ್ದುವವರಿಗೆ ದಾರಿ ಸಿಕ್ಕಂತೆ. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಅಕ್ಷರವಿನ್ಯಾಸಗಳೇ ಇವೆ. ಅವುಗಳಿಂದಲೇ ಈ ಅಭ್ಯಾಸ ಆರಂಭಿಸಬಹುದು.

ಯಾರೂ ಹೇಳದಿದ್ದರೆ ಮುಂದಿನ ಆವೃತ್ತಿಯೂ ಅದೇ ತಪ್ಪನ್ನು ಹೊತ್ತು ಬರುತ್ತದೆ. ಕೊನೆಗೆ ಮಕ್ಕಳು ಅದನ್ನೇ ಸರಿಯಾದ ಕನ್ನಡವೆಂದು ಕಲಿತಾರು. ಬಿರುಕು ಬಿಟ್ಟ ಹೆಂಚನ್ನು ಸೂರಿಗೇರಿಸಿದ ಮೇಲೆ ಮಳೆಯನ್ನು ಬೈದರೆ ಪ್ರಯೋಜನವಿಲ್ಲ.