ತಪ್ಪು ಎಲ್ಲಿ ಕಾಣುತ್ತದೆ?



ಹೋದ ಬೇಸಿಗೆ ರಜೆಗೆ ಮಗಳ ಮಗ ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದ. ಹತ್ತು ವರ್ಷದವನು. ಬರುವಾಗ ಅವನಪ್ಪನ ಕಾಲೇಜು ದಿನಗಳ ಒಂದು ಪ್ಲಾಸ್ಟಿಕ್ ಗಿಟಾರನ್ನು ಹೊತ್ತು ತಂದಿದ್ದ. ಅದಕ್ಕೆ ತಂತಿಯೇ ಇಲ್ಲ. ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಣ್ಣದ ಐದು ಗುಂಡಿ, ಮೀಟುವ ಜಾಗದಲ್ಲಿ ಒಂದು ಪಟ್ಟಿ. 2005ರಲ್ಲಿ ಅಮೆರಿಕದಲ್ಲಿ ಬಂದ ‘ಗಿಟಾರ್ ಹೀರೋ’ ಎಂಬ ವಿಡಿಯೋ ಗೇಮ್ ಇದು. ಟಿವಿಯಲ್ಲಿ ಹಾಡು ಶುರುವಾದರೆ ಬಣ್ಣದ ಬಿಲ್ಲೆಗಳು ಸಾಲಾಗಿ ನಮ್ಮತ್ತ ಬರುತ್ತವೆ. ಯಾವ ಬಣ್ಣ ಗೆರೆ ಮುಟ್ಟಿತೋ ಆ ಗುಂಡಿ ಒತ್ತಿ ಪಟ್ಟಿ ಮೀಟಬೇಕು. ತಪ್ಪಿದರೆ ಹಾಡಿನೊಳಗಿನ ಗಿಟಾರು ಸುಮ್ಮನಾಗುತ್ತದೆ, ಮುಳ್ಳು ಕೆಂಪಿಗೆ ಇಳಿಯುತ್ತದೆ, ತೆರೆಯ ಮೇಲಿನ ಜನ ಕೂಗಾಡುತ್ತಾರೆ.

ಅವನ ಕೈ ನೋಡಿ ನನಗೆ ನಿಜಕ್ಕೂ ಬೆರಗಾಯಿತು. ಒಂದು ಬಿಲ್ಲೆಯೂ ತಪ್ಪಲಿಲ್ಲ. ನಾನು ಕೂತೆ, ಅರ್ಧ ನಿಮಿಷದಲ್ಲಿ ನನ್ನ ಹಾಡು ನಿಂತೇಹೋಯಿತು.

ಮಾರನೆಯ ದಿನ ಅವನ ಕಣ್ಣು ನನ್ನ ಪಿಟೀಲಿನ ಪೆಟ್ಟಿಗೆಯ ಮೇಲೆ ಬಿತ್ತು. ಚಾಪೆ ಹಾಸಿ ಕೂರಿಸಿದೆ. ಪಿಟೀಲಿನ ತುದಿಯನ್ನು ಬಲಪಾದದ ಮೇಲೆ ಊರಿಸಿ, ಕಮಾನಿಗೆ ರಾಳ ಉಜ್ಜಿ, ಶ್ರುತಿ ಪೆಟ್ಟಿಗೆ ಹಚ್ಚಿ, ಸ ರಿ ಗ ಮ ತೋರಿಸಿಕೊಟ್ಟೆ. ಷಡ್ಜಕ್ಕೆ ಬೆರಳೇ ಬೇಡ, ಖಾಲಿ ತಂತಿಯೇ ನುಡಿಯುತ್ತದೆ. ರಿಷಭಕ್ಕೆ ಬೆರಳಿಟ್ಟು ಎಳೆದ. ಕೇಳಲಾಗದ ಸದ್ದು. ಎಳೆದ, ಎಳೆದ, ಆಮೇಲೆ ಪಿಟೀಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ: “ಅಜ್ಜಿ, ತಪ್ಪಾದ್ರೆ ಇದ್ರಲ್ಲಿ ಎಲ್ಲಿ ಕಾಣುತ್ತೆ?”

ಆ ಪ್ರಶ್ನೆ ನನ್ನನ್ನು ಇವತ್ತಿನವರೆಗೂ ಬಿಟ್ಟಿಲ್ಲ.

ನಾನು ಪಿಟೀಲು ಹಿಡಿದದ್ದು ಭದ್ರಾವತಿಯ ನ್ಯೂಟೌನಿನಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಮಲಗುವರು. ಕ್ವಾರ್ಟರ್ಸಿನ ಮನೆ, ಇದ್ದದ್ದೇ ಎರಡು ಕೋಣೆ. ಅವರ ನಿದ್ದೆ ಕೆಡುತ್ತದೆಂದು ಅಭ್ಯಾಸ ನಿಲ್ಲಿಸಲು ಹೋದರೆ ಅಪ್ಪ ಬೈಯುತ್ತಿದ್ದರು. “ನೀನು ನುಡಿಸು ಮಗಾ, ಅಪಸ್ವರ ಬಂದ್ರೆ ಮಾತ್ರ ನಂಗೆ ಎಚ್ಚರ ಆಗೋದು” ಅನ್ನುವರು. ಅಪ್ಪ ಮಗ್ಗುಲು ಬದಲಿಸಿದರೆ ನನ್ನ ಬೆರಳು ಎಲ್ಲೋ ಜಾರಿದೆ ಎಂದು ಲೆಕ್ಕ. ಪಿಟೀಲು ಕಲಿಸುತ್ತಿದ್ದ ಮೇಡಂ ಹತ್ತಿರ ಪಾಠಕ್ಕೆ ಹೋದರೆ ಅವರು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ “ಗಾಂಧಾರ ಏರಿತು, ಇಳಿಸು” ಎಂದು ಕೂಗಿ ಹೇಳುವರು. ನನಗೆ ಕೇಳಿಸದೇ ಇದ್ದದ್ದು ಗೋಡೆಯಾಚೆ ಅವರಿಗೆ ಹೇಗೆ ಕೇಳಿಸಿತು ಎಂದು ಆಗ ಅರ್ಥವೇ ಆಗುತ್ತಿರಲಿಲ್ಲ. ಕೈ ಕಲಿಯುವುದಕ್ಕೆ ಮುಂಚೆ ಕಿವಿ ಕಲಿಯಬೇಕಿತ್ತು. ಅದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಗಿಟಾರಿಗೆ ಸ್ವರದ ಜಾಗ ತೋರಿಸುವ ಮೆಟ್ಟಿಲಿದೆ, ವೀಣೆಗೂ ಇದೆ. ಪಿಟೀಲಿನ ಮೇಲೆ ಒಂದು ಗೆರೆಯೂ ಇಲ್ಲ. ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರ ಕೆಟ್ಟಿತು. ಕಲಿಯುವವರ ಮೊದಲ ಪಾಠವಾದ ಸರಳೆ ವರಸೆಯನ್ನು ಮಾಯಾಮಾಳವಗೌಳ ರಾಗದಲ್ಲಿ ಕಟ್ಟಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ಹೇಳುತ್ತದೆ.  ಆ ರಾಗದಲ್ಲಿ ಸ–ರಿ ಪಕ್ಕಪಕ್ಕದಲ್ಲಿ, ಪ–ದ ಪಕ್ಕಪಕ್ಕದಲ್ಲಿ. ಕೆಳಗಿನ ಅರ್ಧಕ್ಕೂ ಮೇಲಿನ ಅರ್ಧಕ್ಕೂ ಒಂದೇ ಅಳತೆ. ಒಂದನ್ನು ಕಿವಿ ಹಿಡಿದರೆ ಇನ್ನೊಂದು ತಾನೇ ಸಿಗುತ್ತದೆ. ಅದೇ ಸ್ವರಗಳನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ನುಡಿಸಬೇಕು. ಮೊದಲ ಕಾಲವೇ ಕಷ್ಟ, ಯಾಕೆಂದರೆ ಅಲ್ಲಿ ಸ್ವರ ಉದ್ದಕ್ಕೆ ನಿಂತಿರುತ್ತದೆ, ತಪ್ಪಿಗೆ ಅಡಗಲು ಜಾಗವಿಲ್ಲ. ಆಟದಲ್ಲಿ ಇದು ತಿರುವುಮುರುವು: ನಿಧಾನವೆಂದರೆ ಸುಲಭ, ವೇಗವೆಂದರೆ ಕಷ್ಟ.

ಆಟವನ್ನು ಹಳಿಯಲು ಮಾತ್ರ ನನಗೆ ಮನಸ್ಸಿಲ್ಲ. ಮೊಮ್ಮಗನಿಗೆ ಆದಿತಾಳ ಹೇಳಿಕೊಟ್ಟಾಗ ಎಂಟು ಅಕ್ಷರ ಅವನ ಕೈಯಲ್ಲಿ ಒಮ್ಮೆಯೂ ಜಾರಲಿಲ್ಲ. ಆ ಲಯ ಪ್ಲಾಸ್ಟಿಕ್ ಗಿಟಾರಿನಿಂದಲೇ ಬಂದದ್ದು. 2011ರಲ್ಲಿ ಬಂದ ‘ರಾಕ್‌ಸ್ಮಿತ್’ ಎಂಬ ಆಟ ಇನ್ನೂ ಮುಂದೆ ಹೋಯಿತು. ಅದಕ್ಕೆ ನಿಜವಾದ ಗಿಟಾರನ್ನೇ ಕೇಬಲ್ಲಿನಿಂದ ಜೋಡಿಸಿ ನುಡಿಸಬೇಕು. ಒಳ್ಳೆಯದೇ. ಆದರೂ ಸರಿ-ತಪ್ಪು ಹೇಳುವುದು ತೆರೆ. ಐದು ಗುಂಡಿಯ ಆಟದಲ್ಲಂತೂ ಹಾಡು ಮೊದಲೇ ಪೂರ್ತಿಯಾಗಿದೆ, ನಮ್ಮ ಬೆರಳು ಅದರ ಹಿಂದೆ ಓಡುತ್ತದೆ. ಪಿಟೀಲಿನಲ್ಲಿ ನಾವು ಕಮಾನು ಎಳೆಯುವವರೆಗೂ ನಾದ ಎಂಬುದೇ ಇಲ್ಲ.

ಒತ್ತಿದರೆ ದನಿ, ಬಿಟ್ಟರೆ ಮೌನ ಎನ್ನುವ ವಾದ್ಯದ ಜಗಳ ಆಕಾಶವಾಣಿಗೆ ಹೊಸದಲ್ಲ. ಹಾರ್ಮೋನಿಯಂನ ಮನೆಗಳಲ್ಲಿ ಸ್ವರ ಮೊದಲೇ ಗಟ್ಟಿಯಾಗಿ ಕೂತಿರುತ್ತದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಅದರಲ್ಲಿ ಬಾರದು ಎಂಬ ವಾದದ ಮೇಲೆ 1940ರಲ್ಲಿ ಅದಕ್ಕೆ ಆಕಾಶವಾಣಿಯಲ್ಲಿ ನಿಷೇಧ ಬಿತ್ತು. ಆಕಾಶವಾಣಿಯ ಭದ್ರಾವತಿ ಕೇಂದ್ರ 1965ರಲ್ಲಿ ಆರಂಭವಾದಾಗಲೂ ಆ ನಿಷೇಧವಿತ್ತು. ಸಡಿಲವಾದದ್ದು 1971ರಲ್ಲಿ. ನಿಷೇಧ ತಪ್ಪೆಂದೇ ನನಗನ್ನಿಸುತ್ತದೆ. ಬೆಳಗಾವಿಯ ರಾಂಭಾವು ಬಿಜಾಪುರೆಯಂಥವರ ಬೆರಳಿನ ಕೆಳಗೆ ಅದೇ ಹಾರ್ಮೋನಿಯಂ ಹಾಡುವವರ ದನಿಯನ್ನೇ ಹಿಂಬಾಲಿಸುತ್ತಿತ್ತು. ಮನೆಗಳ ನಡುವಿನ ಕೊರತೆ ಅವರ ಕಿವಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬೆರಳು ಅದನ್ನು ತುಂಬುವ ದಾರಿ ಹುಡುಕಿಕೊಂಡಿತು. ಐದು ಗುಂಡಿಗಳಿಗೆ ಅಂಥ ಕೊರತೆಯನ್ನು ತೋರಿಸುವ ಶಕ್ತಿಯೇ ಇಲ್ಲ. ನನ್ನ ಸಂಕಟ ಅದು.

ಮೊಮ್ಮಗನಿಗೆ ಅವತ್ತು ಹೇಳಿದೆ: “ತಪ್ಪು ಕಾಣಲ್ಲ ಕಣೋ, ಕೇಳುತ್ತೆ. ಸ್ವಲ್ಪ ದಿನ ಬೇಕು.” ಅವನಿಗೆ ಸಮಾಧಾನವಾಗಲಿಲ್ಲ. ಆದರೂ ದಿನಾ ಬೆಳಿಗ್ಗೆ ಹದಿನೈದು ನಿಮಿಷ ಕೂತ. ಉಳಿದ ಹೊತ್ತು ಆಟ ಆಡಿದ, ನಾನು ಬೇಡವೆನ್ನಲಿಲ್ಲ.

ರಜೆ ಮುಗಿಯುವ ವಾರ. ನಾನು ಒಳಗೆ ದೋಸೆ ಹೊಯ್ಯುತ್ತಿದ್ದೆ. ಹೊರಗೆ ರಿಷಭ ಬಂತು, ಸ್ವಲ್ಪ ಏರಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಮಾನು ನಿಂತಿತು. ಒಂದು ಗಳಿಗೆ ಶ್ರುತಿಯೊಂದೇ ಕೇಳುತ್ತಿತ್ತು. ಮತ್ತೆ ಎಳೆದ, ಒಂದೆಳೆ ಕೆಳಗೆ. ನಾನು ಮಾತಾಡದೆ ದೋಸೆ ಮಗುಚಿದೆ.