ಕಣ್ಣಿನ ಖರ್ಚಿಗೆ ದಾರಿ ಯಾವುದು?

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಸದಸ್ಯರೂ ನಿವೃತ್ತ ಶಿಕ್ಷಕರೂ ಆದ ಒಬ್ಬರು ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ತುಂಬಿದ ನಮ್ಮ ಸಂಘದ ಏಳಿಗೆಯನ್ನು ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ "ಆರೋಗ್ಯ ಮತ್ತು ಸಹಕಾರ". ಅದು ಸಮುದ್ರದಷ್ಟು ದೊಡ್ಡದು. ನಾನು ಅದರಲ್ಲಿ ಒಂದು ಚೊಂಬು ಮಾತ್ರ ಮೊಗೆದುಕೊಳ್ಳುತ್ತೇನೆ. ಕಾಲಕಾಲಕ್ಕೆ ಕಣ್ಣು ತೋರಿಸುವುದಕ್ಕೆ, ಕನ್ನಡಕ ಮಾಡಿಸುವುದಕ್ಕೆ ಹಣ ಎಲ್ಲಿಂದ ಹೊಂದಿಸಬೇಕು? ಇಷ್ಟೇ ನನ್ನ ವಿಷಯ.

ಮೊದಲು ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ನಮ್ಮ ತಂದೆಯವರಿಗೆ ನಲವತ್ತು ದಾಟಿದ ಮೇಲೆ ಎಲ್ಲರಿಗೂ ಆಗುವ ಹಾಗೆ ಹತ್ತಿರದ ಅಕ್ಷರ ಮಸುಕಾಯಿತು. ಜಾತ್ರೆಯಲ್ಲಿ ತಟ್ಟೆಯಲ್ಲಿಟ್ಟು ಮಾರುತ್ತಾರಲ್ಲ, ಆ ಕನ್ನಡಕ ಒಂದೊಂದೇ ಹಾಕಿ ನೋಡಿ, ಪಂಚಾಂಗ ಓದಲು ಬಂದದ್ದನ್ನು ಕೊಂಡು ತಂದರು. ಎರಡು ಮೂರು ವರ್ಷಕ್ಕೊಮ್ಮೆ ಜಾತ್ರೆಯಲ್ಲೇ ಬದಲಾಯಿಸೋರು. ಡಾಕ್ಟರಿಗೆ ತೋರಿಸೋಣ ಅಂದರೆ, "ಆ ದುಡ್ಡಿಗೆ ಒಂದು ಮೂಟೆ ಹಿಂಡಿ ಬರುತ್ತೆ ಕಣಯ್ಯ, ಶಿಬಿರ ಬಂದಾಗ ನೋಡೋಣ" ಅನ್ನೋರು. ಬರುಬರುತ್ತಾ ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳೋದು, ಪಕ್ಕದಿಂದ ಬಂದ ಎಮ್ಮೆ ಕಾಣದೇ ಇರೋದು ಶುರುವಾಯಿತು. ಎದುರಿಗಿದ್ದದ್ದು ಕಾಣುತ್ತಿತ್ತು, ಪಂಚಾಂಗವನ್ನೂ ಓದುತ್ತಿದ್ದರು. ಅದಕ್ಕೇ ನಮಗೆ ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೆ ಕರೆದುಕೊಂಡು ಹೋದಾಗ ತಿಳಿಯಿತು, ಅದು ಗ್ಲಾಕೋಮ. ಕಣ್ಣಿನೊಳಗಿನ ಒತ್ತಡದಿಂದ ನರ ಮೆಲ್ಲಗೆ ಸಾಯುವ ರೋಗ. ಹೆಚ್ಚಿನವರಿಗೆ ನೋವಿರುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಅಷ್ಟು ಹೊತ್ತಿಗೆ ಒಂದು ಕಣ್ಣು ಪೂರ್ತಿ ಹೋಗಿತ್ತು. "ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಹನಿ ಔಷಧಿ ಹಾಕಿ ಕಾಪಾಡಿಕೊಳ್ಳಿ" ಅಂದರು ವೈದ್ಯರು.

ಬಂಧುಗಳೇ, ಆ ವರ್ಷ ನಮ್ಮ ಮನೆಯಲ್ಲಿ ದುಡ್ಡು ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಅದೇ ವರ್ಷ ಹಸು ತಂದಿದ್ದೆವು. ಹಸುವಿಗೆ ಕಿವಿಯೋಲೆ ಹಾಕಿಸಿ ವಿಮೆಯನ್ನೂ ಮಾಡಿಸಿದ್ದೆವು. ಅಪ್ಪನ ಕಣ್ಣಿಗೆ ಅಂತ ಒಂದು ರೂಪಾಯಿ ತೆಗೆದಿಟ್ಟಿರಲಿಲ್ಲ. ಮೇಷ್ಟ್ರಾಗಿದ್ದ ನನಗೇ ಆ ಬುದ್ಧಿ ಬರಲಿಲ್ಲ.

ಈಗ ಇರುವ ದಾರಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಸರ್ಕಾರದ ಸೌಲಭ್ಯ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದಲೇ ಇದೆ. ಪೊರೆಯ ಆಪರೇಷನ್ ಉಚಿತ. ಶಾಲಾ ಮಕ್ಕಳಿಗೆ ತಪಾಸಣೆ ಮಾಡಿ ಕನ್ನಡಕ ಕೊಡುವುದೂ ಅದರಲ್ಲಿ ಸೇರಿದೆ. ನಮ್ಮ ರಾಜ್ಯದಲ್ಲಿ ಮನೆಬಾಗಿಲಿಗೆ ಬಂದು ಕಣ್ಣು ನೋಡುವ ಆಶಾಕಿರಣ ಯೋಜನೆ ಕೆಲವು ಜಿಲ್ಲೆಗಳಿಂದ ಶುರುವಾಯಿತು. 2024ರ ಫೆಬ್ರುವರಿಯಲ್ಲಿ ಹಾವೇರಿಯಲ್ಲಿ ಉಚಿತ ಕನ್ನಡಕ ವಿತರಣೆಗೆ ಚಾಲನೆ ಕೊಟ್ಟರು. ಇದೆಲ್ಲ ನಮ್ಮ ತೆರಿಗೆಯ ಹಣವೇ. ಬಳಸಿಕೊಳ್ಳಲು ಸಂಕೋಚ ಬೇಡ. ಆದರೆ ಉಚಿತ ಅಂದರೂ ಆ ದಿನದ ಕೂಲಿ ಹೋಗುತ್ತದೆ. ಹೆಣ್ಣುಮಕ್ಕಳಿಗೆ 2023ರಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಗಂಡಸರಿಗೆ ಇದೆ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಸ್ವಲ್ಪ ಹೊತ್ತು ಕಣ್ಣು ಮಂಜು. ಗಾಡಿ ಓಡಿಸುವ ಹಾಗಿಲ್ಲ, ಜೊತೆಗೊಬ್ಬರು ಬೇಕು. ಅದಕ್ಕೂ ಕೈಯಲ್ಲಿ ಸ್ವಲ್ಪ ದುಡ್ಡು ಇರಬೇಕು.

ಎರಡನೆಯದು, ಶಿಬಿರ. ಶಿಬಿರವನ್ನು ಹಗುರ ಮಾಡಿ ನಾನು ಮಾತಾಡುವುದಿಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ.ಸಿ. ಮೋದಿಯವರು ಊರೂರು ತಿರುಗಿ ಲಕ್ಷಾಂತರ ಜನಕ್ಕೆ ಕಣ್ಣು ಕೊಟ್ಟ ನಾಡು ಇದು. ಆದರೆ ಶಿಬಿರಗಳು ಹೆಚ್ಚಾಗಿ ಹುಡುಕುವುದು ಪೊರೆಯನ್ನು. ಅದು ನಮ್ಮ ಊರಿಗೆ ಯಾವಾಗ ಬರುತ್ತದೋ ಹೇಳಲಾಗದು. ರೋಗ ಶಿಬಿರಕ್ಕಾಗಿ ಕಾಯುವುದಿಲ್ಲ.

ಮೂರನೆಯದು, ವಿಮೆ. ಸಹಕಾರಿಗಳಾದ ನಮ್ಮ ಹೆಮ್ಮೆಯ ಯಶಸ್ವಿನಿ 2003ರಲ್ಲಿ ಜಾರಿಗೆ ಬಂದಾಗ ತಲೆಗೆ ವರ್ಷಕ್ಕೆ 60 ರೂಪಾಯಿ ಇತ್ತು. 2018ರಲ್ಲಿ ನಿಂತುಹೋಗಿ, 2022-23ರಲ್ಲಿ ಮತ್ತೆ ಶುರುವಾಯಿತು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ವಂತಿಗೆ, ವರ್ಷಕ್ಕೆ 5 ಲಕ್ಷದವರೆಗೆ ನೆರವು ಅಂತ ಮಾಡಿದರು. ಇದನ್ನು ತಪ್ಪದೆ ಮಾಡಿಸಿ. ಆದರೆ ಒಂದು ಮಾತು ಚೆನ್ನಾಗಿ ನೆನಪಿಡಿ. ಯಶಸ್ವಿನಿಯಾಗಲಿ, 2018ರಲ್ಲಿ ಬಂದ ಆಯುಷ್ಮಾನ್ ಕಾರ್ಡಾಗಲಿ ಇರುವುದು ಮುಖ್ಯವಾಗಿ ಆಪರೇಷನ್ನಿಗೆ, ಆಸ್ಪತ್ರೆ ಸೇರುವ ದೊಡ್ಡ ಖರ್ಚಿಗೆ. ಅದನ್ನು ನಂಬಿಕೊಂಡು ಕನ್ನಡಕದ ಅಂಗಡಿಗೆ ಹೋಗಬೇಡಿ. ವಿಮೆ ಇರುವುದು ಬರುತ್ತೋ ಇಲ್ಲವೋ ಗೊತ್ತಿಲ್ಲದ ಕಷ್ಟಕ್ಕೆ. ನಲವತ್ತು ದಾಟಿದ ಮೇಲೆ ಕನ್ನಡಕ ಬೇಕಾಗುವುದು ಯುಗಾದಿ ಬರುವಷ್ಟೇ ಖಂಡಿತ. ಗೊತ್ತಿರುವ ಖರ್ಚಿಗೆ ವಿಮೆ ಬೇಡ, ಉಳಿತಾಯ ಬೇಕು.

ನಾಲ್ಕನೆಯದು, "ಉಚಿತ ಕಣ್ಣು ತಪಾಸಣೆ" ಅಂತ ಬೋರ್ಡು ಹಾಕಿದ ಅಂಗಡಿ. ಅಲ್ಲಿ ತಪಾಸಣೆಯ ದುಡ್ಡು ಹೆಚ್ಚಾಗಿ ಫ್ರೇಮಿನ ರೇಟಿನಲ್ಲೇ ಸೇರಿರುತ್ತದೆ. ತಪ್ಪೇನಲ್ಲ, ಅದು ವ್ಯಾಪಾರ. ಆದರೆ ಅಲ್ಲಿ ನೋಡುವುದು ಕನ್ನಡಕದ ನಂಬರು. ಕಣ್ಣಿನ ಒತ್ತಡ, ಹಿಂದಿನ ನರ ನೋಡುವುದು ವೈದ್ಯರು. ವೈದ್ಯರ ಹತ್ತಿರ ನಂಬರಿನ ಚೀಟಿ ಕೇಳಿ ಪಡೆಯಿರಿ. ಚೀಟಿ ಕೈಯಲ್ಲಿದ್ದರೆ ನಾಲ್ಕು ಅಂಗಡಿ ವಿಚಾರಿಸಿ ಕೊಳ್ಳಬಹುದು. ಫ್ರೇಮು ಅಗ್ಗದ್ದಾದರೂ ಕಣ್ಣಿಗೆ ಕಾಣುವುದರಲ್ಲಿ ವ್ಯತ್ಯಾಸ ಆಗುವುದಿಲ್ಲ.

ಐದನೆಯದು, ಸಾಲ. ಅದರ ಬಗ್ಗೆ ನಾನು ಹೇಳುವುದೇ ಬೇಡ. ಸಣ್ಣ ಖರ್ಚಿಗೆ ಬಡ್ಡಿ ಕಟ್ಟುವುದು ಸಹಕಾರಿಗೆ ಶೋಭೆಯಲ್ಲ.

ಹಾಗಾದರೆ ನನ್ನ ಸಲಹೆ ಏನು? ವಾರದ ಬಟವಾಡೆಯಲ್ಲಿ ಇಚ್ಛೆಯಿದ್ದ ಸದಸ್ಯರಿಂದ ಹತ್ತು ರೂಪಾಯಿ ಹಿಡಿದು, ಅವರ ಹೆಸರಿನಲ್ಲೇ ಬೇರೆ ಖಾತೆಯಲ್ಲಿ ಇಡಲಿ. ಅದಕ್ಕೆ "ಕಣ್ಣಿನ ಗಂಟು" ಅಂತ ಹೆಸರಿಡೋಣ. ವರ್ಷಕ್ಕೆ 520 ರೂಪಾಯಿ ಆಗುತ್ತದೆ, ಎರಡು ವರ್ಷಕ್ಕೆ 1040. ಮನೆಯಲ್ಲಿ ಎಲ್ಲರಿಗೂ ಪ್ರತಿ ವರ್ಷ ಹೊಸ ಕನ್ನಡಕ ಬೇಕಾಗುವುದಿಲ್ಲವಲ್ಲ. ಒಬ್ಬರ ಸರದಿ ಈ ವರ್ಷ, ಇನ್ನೊಬ್ಬರದು ಮುಂದಿನ ವರ್ಷ. ಉಳಿದರೆ ಹಣ ಅವರದೇ.

ಯಾರ ಸರದಿ ಮೊದಲು ಅಂತ ಕೇಳುತ್ತೀರಿ. ಸಕ್ಕರೆ ಕಾಯಿಲೆ ಇದ್ದವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ತೋರಿಸಲೇಬೇಕು. ಮನೆಯಲ್ಲಿ ತಂದೆ ತಾಯಿ, ಅಣ್ಣ ತಮ್ಮಂದಿರಿಗೆ ಗ್ಲಾಕೋಮ ಇದ್ದವರೂ ಅಷ್ಟೇ. ನಲವತ್ತು ದಾಟಿದ ಉಳಿದವರು ಎರಡು ವರ್ಷಕ್ಕೊಮ್ಮೆಯಾದರೂ ತೋರಿಸಿ. ಬೋರ್ಡಿನ ಹತ್ತಿರ ಹೋಗಿ ಓದುವ ಮಗುವನ್ನು ದಡ್ಡ ಅನ್ನುವ ಮೊದಲು ಕಣ್ಣು ತೋರಿಸಿ. ಅಂಥ ಎಷ್ಟೋ ಮಕ್ಕಳನ್ನು ನಾನೇ ಗದರಿಸಿ ಹಿಂದೆ ಕೂರಿಸಿದ್ದೇನೆ, ಇವತ್ತು ಪಶ್ಚಾತ್ತಾಪ ಪಡುತ್ತೇನೆ.

ನಮ್ಮ ತಂದೆಯವರ ದೆಸೆಯಿಂದ ನಾನೂ ವರ್ಷಕ್ಕೊಮ್ಮೆ ತೋರಿಸುತ್ತಿದ್ದೇನೆ. ನಾಲ್ಕನೆಯ ವರ್ಷ ನನಗೂ ಒತ್ತಡ ಹೆಚ್ಚಿದೆ ಅಂದರು. ಹನಿ ಹಾಕುತ್ತಿದ್ದೇನೆ. ಎರಡು ಕಣ್ಣೂ ಉಳಿದಿವೆ. ಇಲ್ಲಿಂದ ಹಿಂದಿನ ಸಾಲಿನಲ್ಲಿ ಕೂತವರ ಮುಖವೂ ಕಾಣುತ್ತಿದೆ, ಯಾರು ತೂಕಡಿಸುತ್ತಿದ್ದಾರೆ ಅನ್ನುವುದೂ ಕಾಣುತ್ತಿದೆ.

ಹನಿ ಹನಿ ಕೂಡಿದರೆ ಹಳ್ಳ ಅನ್ನುವುದನ್ನು ಹಾಲಿನ ಸಂಘದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಲಿನಲ್ಲಿ ಮಾಡಿ ತೋರಿಸಿದ್ದನ್ನು ಕಣ್ಣಿನ ವಿಷಯದಲ್ಲೂ ಮಾಡೋಣ. ಆಡಳಿತ ಮಂಡಳಿಯವರು ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಇಡಬೇಕೆಂದು ಪ್ರಾರ್ಥಿಸುತ್ತೇನೆ.

ಜೈ ಸಹಕಾರ.