ಶಾಲೆಯ ಮಕ್ಕಳಿಗಾಗಿ ಯಂತ್ರವಿದ್ಯೆ
(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ, ಇಂಜಿನಿಯರಿಂಗ್ ಕಾಲೇಜಿನಲ್ಲಿ ಬಹುಕಾಲ ವಿದ್ಯುಚ್ಛಾಸ್ತ್ರವನ್ನು ಕಲಿಸಿ ಈಗ ವಿಶ್ರಾಂತಿಯಲ್ಲಿರುವ ಉಪಾಧ್ಯಾಯನು. "ನಿಮ್ಮ ಹುಡುಗರು ನಮ್ಮ ಶಾಲೆಗಳ ಮಕ್ಕಳಿಗೆ ಉಪಯೋಗವಾಗುವಂಥದನ್ನು ಏನಾದರೂ ಮಾಡಬಲ್ಲರೇ?" ಎಂದು ಶ್ರೀಗಳವರು ಕೇಳಿದ ಪ್ರಶ್ನೆಗೆ ಉತ್ತರವನ್ನು ಬಿನ್ನವಿಸುವುದಕ್ಕಾಗಿ ನಿಂತಿರುವೆನು. ಮಾಡಬಲ್ಲರು. ಆದರೆ ಮಾಡಿದ್ದು ಮಕ್ಕಳ ಕೈಯಲ್ಲಿ ಉಳಿಯಬೇಕಾದರೆ ಏನು ಬೇಕೆಂಬುದನ್ನು ನಾನು ತಡವಾಗಿ, ತಪ್ಪುಮಾಡಿ, ತಿಳಿದುಕೊಂಡೆನು. ಆ ತಪ್ಪಿನಿಂದಲೇ ಆರಂಭಿಸುವೆನು.

ಕೆಲವು ವರ್ಷಗಳ ಹಿಂದೆ ಕಡೆಯ ವರ್ಷದ ನಾಲ್ವರು ವಿದ್ಯಾರ್ಥಿಗಳು ಅಂಧ ಮಕ್ಕಳ ಶಾಲೆಯೊಂದಕ್ಕೆ ಬ್ರೈಲ್ ಕಲಿಸುವ ಪೆಟ್ಟಿಗೆಯನ್ನು ಮಾಡಿಕೊಡುವೆವೆಂದು ಮುಂದೆ ಬಂದರು. ಬ್ರೈಲ್ ಎಂಬುದು ಆರು ಚುಕ್ಕೆಗಳ ಲಿಪಿ. ಫ್ರಾನ್ಸ್ ದೇಶದ ಲೂಯಿ ಬ್ರೈಲ್ ಎಂಬ ದೃಷ್ಟಿಯಿಲ್ಲದ ಹುಡುಗನು 1824ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ ಇದನ್ನು ರೂಪಿಸಿದನು. ಆರು ಚುಕ್ಕೆಗಳಿಂದ 63 ರೂಪಗಳು ಹುಟ್ಟುವುವು. ಕನ್ನಡದಲ್ಲಿ ಮೊದಲನೆಯ ಚುಕ್ಕೆಯೊಂದೇ ಇದ್ದರೆ 'ಅ'. ಒಂದನೆಯದೂ ಮೂರನೆಯದೂ ಕೂಡಿದರೆ 'ಕ'. ಓದುವುದು ಸುಲಭವೆಂದೇ ಇಟ್ಟುಕೊಳ್ಳೋಣ. ಬರೆಯುವುದಾದರೋ ಕಾಗದವನ್ನು ಕಿಂಡಿಗಳುಳ್ಳ ಪಟ್ಟಿಯಲ್ಲಿ ಸಿಕ್ಕಿಸಿ, ಮೊನೆಯ ಕಡ್ಡಿಯಿಂದ ಹಿಂಬದಿಗೆ ಚುಚ್ಚಬೇಕು. ಓದುವುದು ಎಡದಿಂದ ಬಲಕ್ಕೆ, ಚುಚ್ಚುವುದು ಬಲದಿಂದ ಎಡಕ್ಕೆ! ಆರು ವರ್ಷದ ಮಗುವಿಗೆ ಈ ತಿರುವುಮುರುವು ಎಷ್ಟು ಕಠಿನವೆಂಬುದನ್ನು ಕಣ್ಣು ಮುಚ್ಚಿಕೊಂಡು ನೀವೇ ಒಮ್ಮೆ ಮಾಡಿ ನೋಡಬೇಕು. ಒಬ್ಬ ಗುರುವು ಒಂದು ಸಲಕ್ಕೆ ಒಂದೇ ಮಗುವಿನ ಕೈ ಹಿಡಿಯಬಲ್ಲನು. ಉಳಿದ ಮಕ್ಕಳು ಸುಮ್ಮನೆ ಕುಳಿತಿರುವರು.

ನಮ್ಮ ಹುಡುಗರ ಪೆಟ್ಟಿಗೆಗೆ ಆರು ಗುಂಡಿಗಳು. ಮಗುವು ಒತ್ತಿದ ಗುಂಡಿಗಳು ಕೂಡಿ ಯಾವ ಅಕ್ಷರವಾಗುವುದೋ ಆ ಅಕ್ಷರವನ್ನು ಪೆಟ್ಟಿಗೆಯು ಉಚ್ಚರಿಸುವುದು. ಕೆಲಸವೇನೋ ಚೆನ್ನಾಗಿಯೇ ಆಯಿತು. ಶಾಲೆಯಲ್ಲಿ ಚಪ್ಪರ ಹಾಕಿದರು. ಪೆಟ್ಟಿಗೆಗೆ ಹೂವಿನ ಹಾರ ಹಾಕಿದರು, ನಮಗೂ ಹಾಕಿದರು. ಪತ್ರಿಕೆಯಲ್ಲಿ ಚಿತ್ರ ಬಂದಿತು. ಹುಡುಗರು ಒಳ್ಳೆಯ ಅಂಕಗಳನ್ನು ಪಡೆದು ಉದ್ಯೋಗಗಳಿಗೆ ತೆರಳಿದರು.

ಮರುವರ್ಷ ಬಂಧುಗಳ ಮದುವೆಗೆಂದು ಆ ಊರಿಗೆ ಹೋದವನು ಶಾಲೆಯ ಕಡೆಗೂ ಹೋದೆನು. ಪೆಟ್ಟಿಗೆಯು ಬೀರುವಿನೊಳಗೆ ಬಟ್ಟೆ ಹೊದ್ದುಕೊಂಡು ಕುಳಿತಿದ್ದಿತು. ಪೂಜೆಯ ದಿನದ ಕುಂಕುಮವು ಇನ್ನೂ ಅದರ ಮೇಲಿದ್ದಿತು. ಅಲ್ಲಿಯ ಉಪಾಧ್ಯಾಯಿನಿಯವರು, "ಸಾರ್, ತಪ್ಪು ತಿಳಿಯಬೇಡಿ" ಎಂದು ಆರಂಭಿಸಿ, ಗುಂಡಿಗಳು ದೊಡ್ಡವರ ಬೆರಳಿನ ಅಳತೆಗೆ ದೂರದೂರವಾಗಿವೆಯೆಂದೂ, ಮಾತು ತೀರ ವೇಗವೆಂದೂ ಹೇಳಿದರು. ಬಳಿಕ ಸ್ವಲ್ಪ ತಡೆದು, "ಪೆಟ್ಟಿಗೆ ನಡೆಯುತ್ತಿದೆಯೋ ನಿಂತಿದೆಯೋ ಮಕ್ಕಳಿಗೆ ಗೊತ್ತಾಗುವುದಿಲ್ಲ, ಸಾರ್. ನೀವು ಅದಕ್ಕೆ ಕೆಂಪು ದೀಪ ಇಟ್ಟಿದ್ದೀರಿ" ಎಂದರು. ರಾತ್ರಿಯೆಲ್ಲ ಪೆಟ್ಟಿಗೆಯು ನಡೆಯುತ್ತಲೇ ಇದ್ದು ಬ್ಯಾಟರಿಯು ಒಂದು ವಾರದಲ್ಲಿ ಮುಗಿದುಹೋಗಿದ್ದಿತು. ಅಂಧ ಮಕ್ಕಳಿಗೆ ದೀಪ! ನಾಲ್ವರು ವಿದ್ಯಾರ್ಥಿಗಳೂ, ಅವರನ್ನು ಪರೀಕ್ಷಿಸಿ ಅಂಕ ಕೊಟ್ಟ ನಾನೂ, ಚಪ್ಪರದಲ್ಲಿ ಚಪ್ಪಾಳೆ ತಟ್ಟಿದ ಅಷ್ಟು ಜನರೂ ಅದನ್ನು ನೋಡಿದ್ದೆವು, ಒಬ್ಬರಿಗೂ ಹೊಳೆದಿರಲಿಲ್ಲ. ದುರಸ್ತು ಮಾಡೋಣವೆಂದರೆ ಮಾಡಿದವರು ಊರಲ್ಲಿಲ್ಲ, ಒಳಗಿನ ತಂತಿಗಳ ನಕ್ಷೆಯನ್ನು ಯಾರೂ ಬರೆದಿಟ್ಟಿರಲಿಲ್ಲ.

ಅನ್ನವನ್ನು ನೀಡಿದವನ ಕೆಲಸವು ಉಣ್ಣುವವನ ಹಸಿವೆ ಹಿಂಗಿದೊಡನೆ ಮುಗಿಯುವುದು. ಈ ಮಠದ ದಾಸೋಹದ ಮನೆಯಲ್ಲಿ ಬೆಳೆದ ನಾನು ಉಪಕರಣವನ್ನೂ ಅದೇ ರೀತಿಯ ದಾನವೆಂದು ಭಾವಿಸಿದ್ದೆನು. ಅದು ಅನ್ನದಂತಲ್ಲ, ಬಾವಿಯಂತೆ. ತೋಡಿದ ಮೇಲೆ ಹೂಳೆತ್ತುವವರು ಬೇಕು.

ಇದಕ್ಕೆ ಬೇರೆಡೆಯಲ್ಲಿ ಏನು ಉಪಾಯ ಮಾಡಿರುವರೆಂದು ಹುಡುಕಿದಾಗ ಅಮೆರಿಕದ ಇಂಡಿಯಾನಾ ಸಂಸ್ಥಾನದಲ್ಲಿರುವ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿಷಯವು ತಿಳಿಯಿತು. ಜಾನ್ ಪರ್ಡ್ಯೂ ಎಂಬ ವರ್ತಕನ ದಾನದಿಂದ 1869ರಲ್ಲಿ ಸ್ಥಾಪಿತವಾದ ವಿದ್ಯಾಸಂಸ್ಥೆಯದು. ಅಲ್ಲಿ 1995ರಲ್ಲಿ ಎಡ್ವರ್ಡ್ ಕೋಯ್ಲ್ ಮತ್ತು ಲಿಯಾ ಜೇಮೀಸನ್ ಎಂಬ ಇಬ್ಬರು ಪ್ರಾಧ್ಯಾಪಕರು 'ಎಪಿಕ್ಸ್' ಎಂಬ ಹೆಸರಿನಿಂದ ಒಂದು ಪಾಠಕ್ರಮವನ್ನು ಆರಂಭಿಸಿದರು. ಊರಿನ ಶಾಲೆ, ಚಿಕಿತ್ಸಾಲಯ, ಮಕ್ಕಳ ವಿಜ್ಞಾನ ಸಂಗ್ರಹಾಲಯ ಮೊದಲಾದವುಗಳಿಗೆ ಬೇಕಾದುದನ್ನು ವಿದ್ಯಾರ್ಥಿಗಳ ತಂಡಗಳು ಮಾಡಿಕೊಡುವುದು ಇದರ ಉದ್ದೇಶ. ಮೊದಲು ಇದ್ದವರು ನಲವತ್ತು ವಿದ್ಯಾರ್ಥಿಗಳು, ಐದು ತಂಡಗಳು. ಹತ್ತು ವರ್ಷಗಳ ತರುವಾಯ, 2005ರಲ್ಲಿ, ಈ ಇಬ್ಬರಿಗೂ ಇವರ ಸಹೋದ್ಯೋಗಿ ವಿಲಿಯಂ ಓಕ್ಸ್‌ರಿಗೂ ಆ ದೇಶದ ರಾಷ್ಟ್ರೀಯ ಇಂಜಿನಿಯರಿಂಗ್ ಅಕಾಡೆಮಿಯು ಗಾರ್ಡನ್ ಪ್ರಶಸ್ತಿಯನ್ನಿತ್ತು ಗೌರವಿಸಿತು.

ನನ್ನ ಕಣ್ಣು ತೆರೆಯಿಸಿದುದು ಪ್ರಶಸ್ತಿಯಲ್ಲ, ತಂಡಗಳನ್ನು ಕಟ್ಟಿದ ರೀತಿ. ಅಲ್ಲಿಯ ತಂಡದಲ್ಲಿ ಮೊದಲನೆಯ ವರ್ಷದವರಿಂದ ಕಡೆಯ ವರ್ಷದವರ ವರೆಗೆ ಎಲ್ಲರೂ ಒಟ್ಟಿಗೆ ಕೆಲಸ ಮಾಡುವರು. ಹಿರಿಯರು ಪದವಿ ಪಡೆದು ಹೋದರೂ ತಂಡವು ಹೋಗುವುದಿಲ್ಲ. ಕಿರಿಯರು ಹಿರಿಯರಾಗುವರು, ಹೊಸಬರು ಬಂದು ಸೇರುವರು. ಒಂದು ಶಾಲೆಯೊಡನೆ ಸಂಬಂಧವು ವರ್ಷಾನುಗಟ್ಟಲೆ ನಡೆಯುವುದು. ಉಪಕರಣವನ್ನು ಒಪ್ಪಿಸಿದ ಮೇಲೆ ಅದನ್ನು ಸರಿಯಾಗಿಟ್ಟುಕೊಳ್ಳುವುದೂ, ಆಯುಸ್ಸು ತೀರಿದಾಗ ಹಿಂದಕ್ಕೆ ತೆಗೆದುಕೊಳ್ಳುವುದೂ ಪಾಠದ ಭಾಗಗಳೇ. ಗುರುವಿನ ಬಳಿಕ ಶಿಷ್ಯನು ಪೀಠದ ಭಾರವನ್ನು ಹೊರುವುದನ್ನು ಕಂಡಿರುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಂಥ ತಂಡಗಳು ಅನೇಕ ಕಡೆ ಮಾಡುವ ಒಂದು ಸಣ್ಣ ಕೆಲಸವನ್ನು ಹೇಳುವೆನು. ಅಂಗಡಿಯಲ್ಲಿ ಸಿಕ್ಕುವ ಬ್ಯಾಟರಿಯ ಗೊಂಬೆಗೆ ಹೊಟ್ಟೆಯಡಿಯಲ್ಲಿ ಚಿಕ್ಕ ಗುಂಡಿಯಿರುವುದಷ್ಟೆ. ಕೈಬೆರಳುಗಳು ಸ್ವಾಧೀನದಲ್ಲಿಲ್ಲದ ಮಗುವು ಅದನ್ನು ಒತ್ತಲಾರದು. ಬ್ಯಾಟರಿಗೂ ಅದು ತಾಗುವ ಲೋಹದ ತುದಿಗೂ ನಡುವೆ, ಎರಡು ಬದಿಗೆ ತೆಳುವಾದ ತಾಮ್ರದ ತಗಡು, ಮಧ್ಯೆ ವಿದ್ಯುತ್ತು ಹರಿಯದ ಹಾಳೆ, ಹೀಗೊಂದು ಬಿಲ್ಲೆಯನ್ನು ತೂರಿಸಿ, ಎರಡು ತಗಡುಗಳಿಂದಲೂ ತಂತಿಯನ್ನೆಳೆದು ತಟ್ಟೆಯಷ್ಟು ಅಗಲದ ಒಂದು ಗುಂಡಿಗೆ ಸೇರಿಸುವರು. ಅದನ್ನು ಮಗುವು ಅಂಗೈಯಿಂದಲಾದರೂ, ಮೊಣಕೈಯಿಂದಲಾದರೂ, ತಲೆಯಿಂದಲಾದರೂ ಒತ್ತಬಹುದು. ಒತ್ತಿದರೆ ಗೊಂಬೆಯು ಕುಣಿಯುವುದು. "ನಾನು ಮಾಡಿದೆ, ಅದು ಆಯಿತು" ಎಂಬ ಅನುಭವವು ಆ ಮಗುವಿಗೆ ಅದೇ ಮೊದಲನೆಯದಾಗಿರಬಹುದು. ಖರ್ಚು ಅತ್ಯಲ್ಪ. ಆದರೆ ಗುಂಡಿಯನ್ನು ಎಡಕ್ಕಿಡಬೇಕೋ ಬಲಕ್ಕಿಡಬೇಕೋ, ಎಷ್ಟು ಮೆತ್ತಗಿರಬೇಕೋ ಎಂಬುದನ್ನು ಆ ಮಗುವಿನ ಪಕ್ಕದಲ್ಲಿ ಕುಳಿತವನಲ್ಲದೆ ಬೇರೆ ಯಾರೂ ಹೇಳಲಾರರು.

ನಮ್ಮ ದೇಶದಲ್ಲಿಯೂ ಉದಾಹರಣೆಯುಂಟು. ದೆಹಲಿಯ ಐ.ಐ.ಟಿ.ಯಲ್ಲಿ ಪ್ರೊಫೆಸರ್ ಎಂ. ಬಾಲಕೃಷ್ಣನ್‌ರ ಮಾರ್ಗದರ್ಶನದಲ್ಲಿ 2005ರ ಸುಮಾರಿಗೆ ವಿದ್ಯಾರ್ಥಿಗಳು ಕೈಗೊಂಡ ಕೆಲಸವೇ 'ಸ್ಮಾರ್ಟ್‌ಕೇನ್'. ಬಿಳಿಯ ಕೋಲು ನೆಲದ ಕಲ್ಲನ್ನೂ ಕುಳಿಯನ್ನೂ ತಿಳಿಸುವುದು. ಎದೆಯ ಎತ್ತರಕ್ಕೆ ಬಾಗಿದ ಮರದ ಕೊಂಬೆಯನ್ನು ತಿಳಿಸಲಾರದು. ಕೋಲಿನ ಹಿಡಿಗೆ ಸೇರಿಸುವ ಈ ಉಪಕರಣವು ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಕಳುಹಿಸಿ, ಮೂರು ಮೀಟರುಗಳೊಳಗಿನ ಅಡ್ಡಿಯನ್ನು ಅಂಗೈಯಲ್ಲಿ ಕಂಪನದಿಂದ ತಿಳಿಸುವುದು. ಅಂಧರ ಕೈಯಲ್ಲಿಯೇ ಮತ್ತೆ ಮತ್ತೆ ಪರೀಕ್ಷಿಸಲ್ಪಟ್ಟು ಅದು ಮಾರುಕಟ್ಟೆಗೆ ಬಂದುದು 2014ರಲ್ಲಿ. ಒಂಬತ್ತು ವರ್ಷ! ನಾವು ನಮ್ಮ ಪೆಟ್ಟಿಗೆಯನ್ನು ಐದು ತಿಂಗಳಲ್ಲಿ ಮುಗಿಸಿದ್ದೆವು.

ಮತ್ತೊಂದು ಮಾತು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲವರು ಇಲ್ಲಿ ಅನೇಕರಿರುವಿರಿ. 1944ರಲ್ಲಿ ಲಿಂಗೈಕ್ಯರಾದ ಪಂಚಾಕ್ಷರಿ ಗವಾಯಿಗಳಿಗೂ, ಅವರ ತರುವಾಯ 2010ರ ವರೆಗೆ ಆಶ್ರಮವನ್ನು ನಡೆಯಿಸಿದ ಪುಟ್ಟರಾಜ ಗವಾಯಿಗಳಿಗೂ ದೃಷ್ಟಿಯಿರಲಿಲ್ಲ. ಅಲ್ಲಿ ಅಂಧ ಬಾಲಕನಿಗೆ ಸಂಗೀತವನ್ನು ಹೇಗೆ ಕಲಿಸಬೇಕೆಂಬುದನ್ನು ನಿಶ್ಚಯಿಸಿದವರು ಕಣ್ಣುಳ್ಳವರಲ್ಲ. ನಮ್ಮ ಪೆಟ್ಟಿಗೆಗೆ ದೀಪವಿಡುವ ಮುನ್ನ ದೃಷ್ಟಿಯಿಲ್ಲದ ಒಬ್ಬ ಗುರುವನ್ನು ಕೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು. ಆ ನಗೆಯು ನಮಗೆ ಒಂದು ವರ್ಷವನ್ನು ಉಳಿಸುತ್ತಿತ್ತು.

ಆದಕಾರಣ ಶ್ರೀಗಳವರಲ್ಲಿ ನನ್ನ ಬಿನ್ನಹವಿಷ್ಟೆ. ಶ್ರೀಮಠದ ಶಾಲೆಗಳಿಗೆ ಬರುವ ವಿದ್ಯಾರ್ಥಿಗಳು ಮೊದಲನೆಯ ತಿಂಗಳು ಏನನ್ನೂ ಮಾಡಕೂಡದು. ತರಗತಿಯಲ್ಲಿ ಹಿಂದೆ ಕುಳಿತು ನೋಡತಕ್ಕದ್ದು. ಕೆಲಸವಾದ ಮೇಲೆ ಅರ್ಧ ಅಂಕಗಳನ್ನು ಕಾಲೇಜು ಕೊಡಲಿ, ಉಳಿದರ್ಧವನ್ನು ಶಾಲೆಯ ಗುರುಗಳು ಕೊಡಲಿ, ಅದೂ ಉಪಕರಣವು ಆರು ತಿಂಗಳು ನಡೆದ ತರುವಾಯ. ಇದಕ್ಕೆ ಕಾಲೇಜಿನವರು ಸುಲಭವಾಗಿ ಒಪ್ಪರು. ಪರೀಕ್ಷೆಯ ಕಾಲವು ತಪ್ಪುವುದೆನ್ನುವರು. ಅವರ ತೊಂದರೆಯನ್ನು ನಾನು ಬಲ್ಲೆನು, ನಾನೇ ಹಾಗೆ ಹೇಳಿದವನು. ಶ್ರೀಗಳವರು ಅಪ್ಪಣೆ ಮಾಡಿದರೆ ಒಪ್ಪಿಯಾರು. ಹಾರ, ಚಪ್ಪರಗಳ ಹಣವನ್ನು ಬ್ಯಾಟರಿಗೂ ದುರಸ್ತಿಗೂ ತೆಗೆದಿಡಬೇಕು.

ಆ ಹಳೆಯ ಪೆಟ್ಟಿಗೆಯನ್ನು ಶಾಲೆಯವರನ್ನು ಕೇಳಿ ತಂದಿರುವೆನು. ಮೊದಲನೆಯ ಮತ್ತು ಮೂರನೆಯ ವರ್ಷದ ಆರು ಮಂದಿ ಹುಡುಗ ಹುಡುಗಿಯರು ಅದನ್ನು ಬಿಚ್ಚಿ, ತಂತಿಗಳ ನಕ್ಷೆಯನ್ನು ಬರೆದು, ಗುಂಡಿಗಳನ್ನು ಹತ್ತಿರಕ್ಕೆ ತಂದಿರುವರು. ಅಕ್ಷರಗಳನ್ನು ಈಗ ಉಚ್ಚರಿಸುವುದು ಆ ಉಪಾಧ್ಯಾಯಿನಿಯವರದೇ ಧ್ವನಿ. ದೀಪವಿದ್ದ ರಂಧ್ರದಲ್ಲಿ ಸಣ್ಣದೊಂದು ಗಂಟೆಯಿದೆ. ಐದು ನಿಮಿಷ ಯಾರೂ ಮುಟ್ಟದಿದ್ದರೆ ಅದು ಒಂದು ಸಲ ಬಾರಿಸಿ ಪೆಟ್ಟಿಗೆಯು ತಾನೇ ನಿಲ್ಲುವುದು. ಬರುವ ಸೋಮವಾರ ಅದನ್ನು ಶಾಲೆಗೆ ಒಯ್ಯುವೆವು. ಅದು ಸರಿಯಾಗಿದೆಯೆಂದು ನಾನು ಹೇಳಲಾರೆನು. ಮಕ್ಕಳು ಇನ್ನೂ ಮುಟ್ಟಿಲ್ಲ.